ಡೀಸೆಲ್ ಹೈಡ್ರೋಟ್ರೀಟರ್ ರಿಯಾಕ್ಟರ್ ಬಂದ್ ಮಾಡಿ ಹಳೇ ಕ್ಯಾಟಲಿಸ್ಟ್ ತೆಗೆಯೋದು: ಡಿಸ್ಟಿಲರಿ ಕೆಲಸಕ್ಕೂ ಇದಕ್ಕೂ ಏನು ಫರಕು?

ಜಮಖಂಡಿ ಫಿಟ್ಟರ್

ಎಲ್ಲಾರಿಗೂ ನಮಸ್ಕಾರ್ರಿ. ಕಬ್ಬಿನ ಹಂಗಾಮು ಮುಗಿದ ಮ್ಯಾಲ ನಮ್ಮ ಹನ್ನೆರಡು ಮಂದಿ ಗ್ಯಾಂಗಿಗೆ ಒಂದು ರಿಫೈನರಿ ಶಟ್‌ಡೌನ್ ಕೆಲಸ ಬಂದೈತಿ. ಡೀಸೆಲ್ ಹೈಡ್ರೋಟ್ರೀಟರ್ (ಹೈಡ್ರೋಜನ್ ಹಾಯಿಸಿ ಡೀಸೆಲ್ಲಿನ ಗಂಧಕ ತಗಿಯೋ ಘಟಕ), ಒಂದ ರಿಯಾಕ್ಟರ್, ಎರಡು ಬೆಡ್ (ಕ್ಯಾಟಲಿಸ್ಟ್ ಕಾಳಿನ ಥರ), 3 ಮೀಟರ್ ವ್ಯಾಸ, ಎಲ್ಲಾ ಸೇರಿ ಸುಮಾರು 50 ಘನ ಮೀಟರ್ ನಿಕಲ್-ಮಾಲಿಬ್ಡಿನಮ್ ಕ್ಯಾಟಲಿಸ್ಟ್. ಒಳಗ ಇಳಿಯೋ ಮಂದಿ ಬ್ಯಾರೆ. ನಮ್ಮದು ಫ್ಲ್ಯಾಂಜ್ ಬಿಚ್ಚೋದು, ಬ್ಲೈಂಡ್ (ಲೈನ್ ಮುಚ್ಚೋ ಗಟ್ಟಿ ತಗಡು) ಹಾಕೋದು, ಕೆಳಗ ಡ್ರಮ್ ತುಂಬೋದು, ಮ್ಯಾಲ ಮ್ಯಾನ್‌ವೇ (ಮನಷ್ಯಾ ಇಳಿಯೋ ಬಾಯಿ) ಬಾಜೂಕ ಹೋಲ್‌ವಾಚ್, ಅಂದ್ರ ಕಾವಲು.

ನಮ್ಮ ಹುಡುಗ್ರಿಗೆ ಡಿಸ್ಟಿಲರಿಯ ಮಾಲಿಕ್ಯುಲರ್ ಸೀವ್ (ಆಲ್ಕೋಹಾಲಿನಾಗಿನ ನೀರು ಹೀರೋ ಕಾಳು) ಬದಲಿ ಮಾಡೋ ಕೆಲಸ ಗೊತ್ತೈತಿ. ಅಲ್ಲಿ ವೆಸೆಲ್ ತಣ್ಣಗಾದ ಕೂಡಲೇ ಮ್ಯಾಲಿನ ಕೆಳಗಿನ ಎರಡೂ ಮ್ಯಾನ್‌ಹೋಲ್ ತಗದು, ಬ್ಲೋವರ್ ಹಚ್ಚಿ, ಮೀಟರಿನಾಗ ಆಕ್ಸಿಜನ್ 20.9 ಬಂದ ಮ್ಯಾಲ ಕೆಲಸ ಶುರು. ಇಲ್ಲಿ ಬ್ಲೋವರ್ ಹೆಸರs ಎತ್ತಬ್ಯಾಡ್ರಿ ಅಂತಾರ. ಯಾಕ? ಮೊದಲನೇ ಬೋಲ್ಟ್ ಸಡಿಲ ಮಾಡೋಕಿಂತ ಮುಂಚೆ ಪ್ಲಾಂಟಿನವ್ರ ಕಡೆ ಯಾವ ಯಾವ ರೀಡಿಂಗ್ ಕೇಳಿ ಬರಸ್ಕೋಬೇಕು? ಡ್ರಮ್ ತುಂಬುವಾಗ ಏನ್ ಕೆಡ್ತೈತಿ? ತಿಳಿದವ್ರು ಬಿಡಿಸಿ ಹೇಳ್ರಿ.

ಬೆಳಗಾವಿ ಪ್ರೊಸೆಸ್

ನಿಮ್ಮ ಮೊದಲ ಪ್ರಶ್ನೆಗೆ ನಮ್ಮ ಕಡೆಯ ಹಗೇವನ್ನು (ಕಾಳು ತುಂಬಿಡುವ ನೆಲದಡಿಯ ಗುಂಡಿ) ನೆನೆಸಿಕೊಳ್ಳಿ. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವುದಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಾರೆ. ಅಲ್ಲಿ ಗಾಳಿ ಬಂತೆಂದರೆ ಅಪಾಯ ಹೋಯಿತು. ಈ ರಿಯಾಕ್ಟರಿನಲ್ಲಿ ಗಾಳಿ ಬಂದಾಗಲೇ ಅಪಾಯ ಶುರುವಾಗುತ್ತದೆ. ವರ್ಷಗಟ್ಟಲೆ ಗಂಧಕದ ಡೀಸೆಲ್ ಹಾಯ್ದು ಹೋದ ಮೇಲೆ ಕ್ಯಾಟಲಿಸ್ಟ್ ಪೂರ್ತಿ ಸಲ್ಫೈಡ್ ರೂಪದಲ್ಲಿರುತ್ತದೆ. ಪೈಪಿನ ತುಕ್ಕೂ ಐರನ್ ಸಲ್ಫೈಡ್ ಆಗಿ ಮೇಲಿನ ಬೆಡ್ಡಿನ ತಲೆಯ ಮೇಲೆ ಕೂತಿರುತ್ತದೆ. ಆಕ್ಸಿಜನ್ ತಾಗಿದರೆ ಇದು ಕಡ್ಡಿ ಗೀರದೆಯೂ ತಾನೇ ಬಿಸಿಯೇರಿ ಸಲ್ಫರ್ ಡೈಆಕ್ಸೈಡ್ ಬಿಡುತ್ತದೆ, ಜೊತೆಗಿರುವ ಕೋಕ್ (ಗಟ್ಟಿ ಇಂಗಾಲ) ಮತ್ತು ಎಣ್ಣೆಗೂ ಕಿಚ್ಚು ಹಿಡಿಸುತ್ತದೆ. ಹಾಗಾಗಿ ಕ್ಯಾಟಲಿಸ್ಟ್ ಹೊರಬರುವ ತನಕ ಒಳಗೆ ನೈಟ್ರೋಜನ್ ಇರಲೇಬೇಕು. ಉಸಿರಾಟಕ್ಕೆ ಬೇಕಾದ ಗಾಳಿ ಮನುಷ್ಯನ ಹೆಲ್ಮೆಟ್ಟಿಗೆ ಹೋಸ್‌ನಲ್ಲಿ ಹೋಗುತ್ತದೆ, ವೆಸೆಲ್ಲಿಗೆ ಹೋಗುವುದಿಲ್ಲ.

ಇನ್ನು ಪ್ಲಾಂಟಿನವರು ಬಂದ್ ಮಾಡುವ ಬಗೆ. ನನ್ನ ಪ್ರಕಾರ ಕೆಳಗೆ ಡ್ರಮ್ ಹಿಡಿಯುವವನ ಕಷ್ಟ-ಸುಖ ಅರ್ಧ ಇಲ್ಲೇ ತೀರ್ಮಾನವಾಗಿರುತ್ತದೆ.

ಮೊದಲು ರಿಫೈನರಿಯ ಕೋಕರ್ ಮತ್ತು ಕ್ರ್ಯಾಕರ್ ಘಟಕಗಳಿಂದ ಬರುವ ಫೀಡ್ (ರಿಯಾಕ್ಟರಿಗೆ ಹೋಗುವ ಎಣ್ಣೆ) ತೆಗೆದು ನೇರ ಕ್ರೂಡ್ ಯೂನಿಟ್ಟಿನ ಗ್ಯಾಸ್ ಆಯಿಲ್ ಒಂದನ್ನೇ ಓಡಿಸುತ್ತಾರೆ. ಅದು ಬೆಡ್ಡನ್ನು ತೊಳೆದ ಹಾಗೆ. ಆಮೇಲೆ ಇಳಿಸುವ ಕ್ರಮ ಒಂದೇ: ಮೊದಲು ತಾಪ, ಅದರ ಹಿಂದೆ ಫೀಡ್. ಹೈಡ್ರೋಜನ್ ಸುತ್ತಿಸುವ ರೀಸೈಕಲ್ ಗ್ಯಾಸ್ ಕಂಪ್ರೆಸರ್ ಕೊನೆಯ ತನಕ ತಿರುಗುತ್ತಲೇ ಇರಬೇಕು. ಎಣ್ಣೆ ಇರುವ ಬಿಸಿ ಬೆಡ್ಡಿನಲ್ಲಿ ಹೈಡ್ರೋಜನ್ ನಿಂತರೆ ಕೋಕ್ ಕಟ್ಟಿ ಕ್ಯಾಟಲಿಸ್ಟ್ ಕಾಂಕ್ರೀಟ್ ಆಗುತ್ತದೆ, ನಿಮ್ಮ ಡಂಪ್ ನಾಜಲ್‌ನಿಂದ (ಕೆಳಗೆ ಕ್ಯಾಟಲಿಸ್ಟ್ ಸುರಿಯುವ ಬಾಯಿ) ಒಂದು ಹಿಡಿಯೂ ಬೀಳುವುದಿಲ್ಲ.

ಫೀಡ್ ಕತ್ತರಿಸಿದ ಮೇಲೆ ಬಿಸಿ ಹೈಡ್ರೋಜನ್ ಸ್ಟ್ರಿಪ್ಪಿಂಗ್. ಸಾಮಾನ್ಯವಾಗಿ 370ರಿಂದ 400 ಡಿಗ್ರಿಯಲ್ಲಿ ಬರೀ ಗ್ಯಾಸ್ ಸುತ್ತಿಸಿ, ಕ್ಯಾಟಲಿಸ್ಟ್ ರಂಧ್ರಗಳಲ್ಲಿ ಕೂತ ಎಣ್ಣೆಯನ್ನು ಹೊರಡಿಸುತ್ತಾರೆ. ಮುಗಿಯಿತೆಂದು ಗಡಿಯಾರ ನೋಡಿ ಹೇಳುವಂತಿಲ್ಲ, ಗ್ಯಾಸ್-ಎಣ್ಣೆ ಬೇರ್ಪಡಿಸುವ ಹೈ ಪ್ರೆಶರ್ ಸೆಪರೇಟರಿನ ಲೆವೆಲ್ ನೋಡಬೇಕು. ಎಣ್ಣೆ ಹೊರಬಿಡದೆಯೂ ಎರಡು ಗಂಟೆ ಲೆವೆಲ್ ಏರದಿದ್ದರೆ ಮುಗಿಯಿತು. ಶೆಡ್ಯೂಲ್ ತಡವಾಯಿತೆಂದು ಎಲ್ಲರೂ ಕತ್ತರಿ ಹಾಕುವುದು ಇದೇ ಹೆಜ್ಜೆಗೆ. ಹಾಗೆ ಕತ್ತರಿಸಿದರೆ ಜಿಗಟು ಕ್ಯಾಟಲಿಸ್ಟ್, ಮೇಲೇರುವ ಎಲ್‌ಇಎಲ್ ರೀಡಿಂಗ್ (ಎಲ್‌ಇಎಲ್ ಅಂದರೆ ಗಾಳಿಯಲ್ಲಿ ಕಿಚ್ಚು ಹಿಡಿಯಲು ಬೇಕಾದ ಕನಿಷ್ಠ ಗ್ಯಾಸ್ ಪ್ರಮಾಣ), ಡ್ರಮ್ಮಿನಲ್ಲಿ ಎಣ್ಣೆ ವಾಸನೆ ನಿಮ್ಮ ಪಾಲಿಗೆ.

ತಣಿಸುವುದು ಗಂಟೆಗೆ 25-30 ಡಿಗ್ರಿ ಮೀರದಂತೆ. ಇದರ ನಡುವೆ ಎರಡು ತಡೆಗಳಿವೆ. ಒಂದು, 205 ಡಿಗ್ರಿಗಿಂತ ಕೆಳಗೆ ಹೋಗುವ ಮುನ್ನ ರೀಸೈಕಲ್ ಗ್ಯಾಸಿನಲ್ಲಿ ಕಾರ್ಬನ್ ಮಾನಾಕ್ಸೈಡ್ 10 ಪಿಪಿಎಂಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಅದು ನಿಕಲ್ ಜೊತೆ ಕೂಡಿ ನಿಕಲ್ ಕಾರ್ಬೊನಿಲ್ ಆಗುತ್ತದೆ. ಬಣ್ಣವಿಲ್ಲ, 43 ಡಿಗ್ರಿಗೇ ಕುದಿಯುತ್ತದೆ, ಶ್ವಾಸಕೋಶಕ್ಕೆ ವಿಷ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ ಎಂಟು ಗಂಟೆಯ ಪಾಳಿಗೆ ಹಾಕಿದ ಮಿತಿ 0.001 ಪಿಪಿಎಂ. ಹೈಡ್ರೋಜನ್ ಸಲ್ಫೈಡ್‌ಗೆ 10 ಪಿಪಿಎಂಗೆ ಅಲಾರ್ಮ್ ಇಡುತ್ತೇವಲ್ಲ, ಇದು ಅದರ ಹತ್ತು ಸಾವಿರದ ಒಂದು ಪಾಲು. ಎರಡನೆಯದು ಉಕ್ಕಿನದು. ದಪ್ಪ ಗೋಡೆಯ ಕ್ರೋಮ್-ಮಾಲಿ ರಿಯಾಕ್ಟರ್ ತಣ್ಣಗಾದಾಗ ಪೆಡಸಾಗಿರುತ್ತದೆ. ಹಳೆಯ ವೆಸೆಲ್‌ಗಳಲ್ಲಿ ಲೋಹ 93 ಡಿಗ್ರಿಗಿಂತ ಕೆಳಗಿದ್ದಾಗ ಒತ್ತಡವನ್ನು ಡಿಸೈನ್‌ನ ಕಾಲು ಭಾಗದೊಳಗೆ ಇಡುವುದು ರೂಢಿ. ನಿಮ್ಮ ವೆಸೆಲ್ಲಿನ ಸಂಖ್ಯೆ ಅದರ ಕಾಗದದಲ್ಲೇ ಇರುತ್ತದೆ, ಅದನ್ನೇ ಹಿಡಿಯಿರಿ.

ನಂತರ ನೈಟ್ರೋಜನ್ ಏರಿಸಿ-ಇಳಿಸಿ ಹೈಡ್ರೋಜನ್ ತೆಗೆಯುವುದು. ಲೆಕ್ಕ ಸರಳ. ಗೇಜಿನಲ್ಲಿ ಸೊನ್ನೆಯಿಂದ ಚದರ ಸೆಂ.ಮೀ.ಗೆ 3 ಕೆಜಿಗೆ (ಹೊರಗಿನ ಗಾಳಿಯ ಒತ್ತಡ ಸೇರಿ 1ರಿಂದ 4ಕ್ಕೆ) ಏರಿಸಿ ಮತ್ತೆ ಸೊನ್ನೆಗೆ ಬಿಟ್ಟರೆ ಒಳಗಿನದು ನಾಲ್ಕನೇ ಒಂದಾಗುತ್ತದೆ. ನಾಲ್ಕು ಸಲಕ್ಕೆ 256ರಲ್ಲಿ ಒಂದು. ಶುರುವಿನಲ್ಲಿ ಹೈಡ್ರೋಜನ್ ಶೇ. 80 ಇದ್ದರೆ ಶೇ. 0.31ಕ್ಕೆ ಬಂತು. ಹೈಡ್ರೋಜನ್‌ನ ಎಲ್‌ಇಎಲ್ ಶೇ. 4, ಅದರ ಹತ್ತನೇ ಒಂದು ಭಾಗ 0.4. ಕಾಗದದ ಮೇಲೆ ನಾಲ್ಕು ಸಾಕು. ಆದರೆ ಕ್ವೆಂಚ್ ಲೈನು (ಬೆಡ್ಡುಗಳ ನಡುವೆ ತಂಪು ಗ್ಯಾಸ್ ಬಿಡುವುದು), ಬೈಪಾಸು, ಡ್ರೇನು, ಗೇಜಿನ ಕೊಳವೆಗಳಲ್ಲಿ ಗ್ಯಾಸ್ ಅವಿತಿರುವುದರಿಂದ ಆರು ಸಲ ಮಾಡಿ, ಪ್ರತಿ ಸಲ ಆ ಡ್ರೇನುಗಳನ್ನೂ ಬಿಡಬೇಕು.

ನೀವು ಬರೆಸಿಕೊಳ್ಳಬೇಕಾದ್ದು: ಬೆಡ್ಡಿನ ಒಂದೊಂದೂ ಥರ್ಮೋಕಪಲ್ (ತಾಪ ಅಳೆಯುವ ಸಾಧನ) 40 ಡಿಗ್ರಿಗಿಂತ ಕಡಿಮೆ (ಸರಾಸರಿ ಬೇಡ, ಒಂದೊಂದರ ಅಂಕಿ), ಹೈಡ್ರೋಜನ್ ಮತ್ತು ಹೈಡ್ರೋಕಾರ್ಬನ್ ಎರಡೂ ಸೇರಿ ಎಲ್‌ಇಎಲ್‌ನ ಶೇ. 10ರೊಳಗೆ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮಾನಾಕ್ಸೈಡ್, ನಿಕಲ್ ಕಾರ್ಬೊನಿಲ್ ಪರೀಕ್ಷೆಯ ಫಲಿತಾಂಶ ಸಮಯ ಸಮೇತ. ಬ್ಲೈಂಡ್ ಪಟ್ಟಿ ಬೇರೆ.

ಬಾಗಲಕೋಟೆ ಕ್ಯಾಟಲಿಸ್ಟ್

ಪ್ರೊಸೆಸ್ ಸರ್ ಕಾಗದದ ಮಾತು ಹೇಳ್ಯಾರ, ನಾ ಪಾನಾ-ಸುತ್ತಿಗಿ ಮಾತು ಹೇಳ್ತೀನಿ.

ವಾಲ್ವ್ ಮುಚ್ಚೈತಿ ಅಂದ್ರ ಲೈನ್ ಬಂದ್ ಆಗೈತಿ ಅಂತ ತಿಳೀಬ್ಯಾಡ್ರಿ. ಫೀಡ್, ಎಫ್ಲುಯೆಂಟ್, ಮೇಕಪ್ ಹೈಡ್ರೋಜನ್, ಕ್ವೆಂಚ್, ಸಲ್ಫೈಡಿಂಗ್ ಇಂಜೆಕ್ಷನ್, ಫ್ಲೇರ್, ಎಲ್ಲಾಕೂ ನಂಬರ್ ಟ್ಯಾಗ್ ಇದ್ದ ಬ್ಲೈಂಡ್ ಬೀಳಬೇಕು. ಈ ಪ್ರೆಶರಿನಾಗ ಫ್ಲ್ಯಾಂಜ್ ಬಹಳ ಕಡೆ ರಿಂಗ್ ಜಾಯಿಂಟ್. ಲೋಹದ ರಿಂಗ್ ಫ್ಲ್ಯಾಂಜಿನ ತೋಡಿನೊಳಗ ಕುಂತಿರೋದ್ರಿಂದ ಸಾದಾ ಗ್ಯಾಸ್ಕೆಟ್ ಹಂಗ ಬಾಜೂಕ ಜಗ್ಗಿದ್ರ ಬರಂಗಿಲ್ಲ. ಸ್ಪ್ರೆಡರ್ ಹಾಕಿ ಫ್ಲ್ಯಾಂಜ್ ಅಗಲ ಮಾಡಬೇಕು. ಉಳಿ ಹಾಕಿ ಮೀಟಿದ್ರ ತೋಡು ಗೀರ್ತೈತಿ, ಸ್ಟಾರ್ಟಪ್‌ನ್ಯಾಗ ಅದ ಜಾಗಾದಿಂದ ಹೈಡ್ರೋಜನ್ ಸೋರ್ತೈತಿ. ಬೋಲ್ಟ್ ಸಡಿಲ ಮಾಡೋದು ನಿಮ್ಮ ಆಚೆ ಕಡಿಂದ ಶುರು ಮಾಡ್ರಿ. ಒಳಗ ಸಿಕ್ಕಿಬಿದ್ದ ಗ್ಯಾಸ್ ಇದ್ರ ಆಚೆ ಕಡೆ ಹೋಗ್ಲಿ, ಮಾರಿಗೆ ಬ್ಯಾಡ. ಮೊದಲ ಫ್ಲ್ಯಾಂಜ್ ಬಿಚ್ಚೋರು ಬ್ರೀದಿಂಗ್ ಸೆಟ್ ಹಾಕ್ಕೊಂಡೇ ಬಿಚ್ಚಬೇಕು.

ಈಗ ನಿಮ್ಮ "ಮ್ಯಾಲಿನ ಕೆಳಗಿನ ಎರಡೂ ಮ್ಯಾನ್‌ಹೋಲ್" ಮಾತು. ಇಲ್ಲಿ ಅದೊಂದು ಮಾಡಬ್ಯಾಡ್ರಿ. ಒಳಗಿನ ಗ್ಯಾಸ್ ಹೊರಗಿಂತ ಒಂದೀಟು ಬೆಚ್ಚಗಿದ್ರ ಸಾಕು, ಇಪ್ಪತ್ತು ಮೀಟರ್ ಎತ್ತರದ ರಿಯಾಕ್ಟರ್ ಬೆಲ್ಲದ ಗಾಣದ ಒಲಿ ಚಿಮಣಿ ಆಗ್ತೈತಿ. ಕೆಳಗಿಂದ ಗಾಳಿ ಜಗ್ಗಿ ಬೆಡ್ಡಿನೊಳಗ ಹಾಯಿಸಿ ಮ್ಯಾಲ ಬಿಡ್ತೈತಿ. ಮ್ಯಾಲ ತಗದ್ರ ಕೆಳಗ ಬಂದ್. ಕೆಳಗ ಡಂಪ್ ತಗದ್ರ ಮ್ಯಾಲ ಕವರ್ ಮುಚ್ಚಿ, ನೈಟ್ರೋಜನ್ ಒತ್ತಿರಬೇಕು.

ಡಂಪ್ ನಾಜಲ್ ಬ್ಲೈಂಡ್ ತಗದು ಸ್ಲೈಡ್ ಗೇಟ್ ಕಟ್ಟೋವರೆಗೂ ಕೈ ಚುರುಕಿರಲಿ, ಎಲ್ಲಾ ಸಾಮಾನು ಬಾಜೂಕ ಇಟ್ಕೊಂಡೇ ಕೈ ಹಾಕ್ರಿ. ನಾಜಲ್ ಬಾಯಾಗ ಸೆರಾಮಿಕ್ ಹಗ್ಗ ಇಲ್ಲಾ ಸೆರಾಮಿಕ್ ಗುಂಡು ತುಂಬಿರ್ತಾರ. ಅದು ಬಂದ ಮ್ಯಾಲೂ ಕ್ಯಾಟಲಿಸ್ಟ್ ಬೀಳಲಿಲ್ಲಂದ್ರ ಮ್ಯಾಲ ಕಮಾನು ಕಟ್ಟಿರ್ತೈತಿ. ಹಿತ್ತಾಳಿ ಸಳಿಂದ ಬಾಜೂಕ ನಿಂತು ತಿವೀರಿ. ಕೆಳಗ ಬಗ್ಗಿ ಬಾಯಾಗ ಇಣುಕಿದವನ ಮಾರಿ ಮ್ಯಾಲ ಒಮ್ಮೆಲೇ ಅರ್ಧ ಟನ್ ಬರ್ತೈತಿ, ಸಂಗಡ ನೈಟ್ರೋಜನ್.

ಲೆಕ್ಕ ಹಾಕ್ಕೋರಿ: ಹಳೇ ಕ್ಯಾಟಲಿಸ್ಟ್ ಒಂದು ಘನ ಮೀಟರಿಗೆ ಹತ್ತತ್ರ 900 ಕೆಜಿ ಹಿಡಿದ್ರ 50 ಘನ ಮೀಟರಿಗೆ 45 ಟನ್. 200 ಲೀಟರಿನ ಡ್ರಮ್ಮಿಗೆ ತಲಿ ಬಿಟ್ಟು 160-165 ಕೆಜಿ. ಅಂದ್ರ 270-280 ಡ್ರಮ್. ಸೆರಾಮಿಕ್ ಗುಂಡಿನ ಡ್ರಮ್ ಬ್ಯಾರೆ, ಅವನ್ನ ಕಲಸಬ್ಯಾಡ್ರಿ. ತುಂಬೋಕಿಂತ ಮುಂಚೆ ಡ್ರಮ್ಮಿನಾಗ ನೈಟ್ರೋಜನ್ ಬಿಟ್ಟು, ತುಂಬುವಾಗ ಬಾಯಿಗೆ ನೈಟ್ರೋಜನ್ ಶವರ್, ತುಂಬಿದ ಕೂಡಲೇ ಮುಚ್ಚಳ. ಡ್ರೈ ಐಸ್ ಹಾಕೋ ಪದ್ಧತಿ ಇದ್ರ ಒಂದು ಮಾತು: ಒಂದು ಕಿಲೋ ಡ್ರೈ ಐಸ್ 500 ಲೀಟರಿಗಿಂತ ಹೆಚ್ಚು ಗ್ಯಾಸ್ ಆಗ್ತೈತಿ. ಕೂಡಲೇ ರಿಂಗ್ ಬಿಗದ್ರ ಡ್ರಮ್ ಹೊಟ್ಟಿ ಉಬ್ಬಿ ಮುಚ್ಚಳ ಹಾರ್ತೈತಿ. ಮುಚ್ಚಳ ಸುಮ್ನ ಕೂಡಿಸಿ, ಆವಿ ನಿಂತ ಮ್ಯಾಲ ಬಿಗೀರಿ. ಆ ಗ್ಯಾಸ್ ಗಾಳಿಕಿಂತ ಭಾರ, ತಗ್ಗಿನ್ಯಾಗ ಕೂಡ್ತೈತಿ. ಪಿಟ್ಟಿನಾಗ ಡ್ರಮ್ ತುಂಬಬ್ಯಾಡ್ರಿ.

ಡ್ರಮ್ಮಿಗೆ ಅಂಗೈ ಹಚ್ಚಿ ನೋಡೋ ಚಟ ಬಿಡ್ರಿ, ಥರ್ಮಲ್ ಗನ್ನಿಲೆ ಅರ್ಧ ತಾಸಿಗೊಮ್ಮೆ ಸಾಲು ಸಾಲು ನೋಡ್ರಿ. ಒಂದು ಡ್ರಮ್ ಬಾಜೂಕಿನವಕಿಂತ ಬಿಸಿ ಏರಾಕತ್ತಿದ್ರ, ಇಲ್ಲಾ ಪಟಾಕಿ ಸುಟ್ಟಂಥ ಗಂಧಕದ ಘಾಟು ಬಂದ್ರ, ಅದನ್ನ ಫೋರ್ಕ್‌ಲಿಫ್ಟಿಲೆ ಸಾಲಿನಿಂದ ಬ್ಯಾರೆ ಮಾಡಿ ನೈಟ್ರೋಜನ್ ಕೊಡ್ರಿ. ಮುಚ್ಚಳ ತಗದು ಏನಾಗೈತಿ ಅಂತ ನೋಡಿದ್ರ ಬೆಂಕಿಗೆ ಊಟ ಹಾಕಿದಂಗ.

ಎಲ್ಲಾ ತಾನಾಗೇ ಸುರಿಯಂಗಿಲ್ಲ. ಜೋಳದ ರಾಶಿ ನಿಂತಂಗ ಇದೂ 30-35 ಡಿಗ್ರಿ ಇಳಿಜಾರಿಗೆ ನಿಲ್ತೈತಿ. 3 ಮೀಟರ್ ಬೆಡ್ ನಟ್ಟ ನಡುವ ಖಾಲಿ ಆದ್ರೂ ಗ್ವಾಡಿಗುಂಟ ಒಂದು ಮೀಟರ್ ಎತ್ತರ, 4-5 ಘನ ಮೀಟರ್ ಉಳೀತೈತಿ. ಅದಕ್ಕ ವ್ಯಾಕ್ಯೂಮ್, ಅದಕ್ಕ ಹೆಲ್ಮೆಟ್ ಮಂದಿ. ಅವ್ರು ಒಳಗ ಇದ್ದಾಗ ಕೆಳಗಿನ ಸ್ಲೈಡ್ ಗೇಟಿಗೆ ಕೀಲಿ ಹಾಕಿ, ಕೀಲಿ ಮ್ಯಾಲಿನ ಸೂಪರ್‌ವೈಸರ್ ಕಡೆ ಕೊಡ್ರಿ. ಒಳಗಿನವ ನಿಂತ ರಾಶಿ ಕೆಳಗಿಂದ ಜಗ್ಗಿದ್ರ ಸಕ್ಕರಿ ಸೈಲೋದಾಗ ಮುಳುಗಿದಂಗ ಮುಳುಗ್ತಾನ, ಸೊಂಟ ದಾಟಿದ್ರ ಹಗ್ಗ ಹಚ್ಚಿ ಜಗ್ಗಿದ್ರೂ ಬರಂಗಿಲ್ಲ. ಗಟ್ಟಿ ಕಟ್ಟಿದ ಗ್ವಾಡಿ ಕೆಳಗ ಕೊರೆದು ಗವಿ ಮಾಡೋದೂ ಅಷ್ಟ ಕೆಟ್ಟದ್ದು. ಮ್ಯಾಲಿಂದ ಕೆಳಗ ಮೆಟ್ಟಿಲು ಮೆಟ್ಟಿಲಾಗೇ ತಗೀಬೇಕು.

ವಿಜಯಪುರ ಸೇಫ್ಟಿ

ಹೋಲ್‌ವಾಚ್ ಬಗ್ಗೆ ಯಾರೂ ಬರೀಲಿಲ್ಲ, ಅದಕ್ಕ ಬರೀಲಿಕತ್ತೀನಿ. ನಿಮ್ಮ ಹನ್ನೆರಡು ಮಂದ್ಯಾಗ ಎಲ್ಲಾರಕಿಂತ ದೊಡ್ಡ ಅಪಾಯ ಒಳಗ ಇಳಿಯೋನಿಗೆ ಅಲ್ಲ, ಮ್ಯಾನ್‌ವೇ ಬಾಯಿ ಹತ್ರ ಸುಮ್ನ ನಿಂತವನಿಗೆ ಅದ. ಇಳಿಯೋನ ತಲಿಮ್ಯಾಲೆ ಲಾಕ್ ಆಗೋ ಹೆಲ್ಮೆಟ್, ಎರಡು ಗಾಳಿ ಲೈನು, ಬೆನ್ನಿಗೆ ಬೇಲ್‌ಔಟ್ (ತುರ್ತು ಗಾಳಿ) ಬಾಟಲಿ, ಮಾತಾಡಲಿಕ್ಕ ವೈರು, ಕ್ಯಾಮೆರಾ ಎಲ್ಲಾ ಇರ್ತಾವ. ಬಾಯಿ ಹತ್ರ ಇರೋನಿಗೆ ಏನದ? ಆ ಬಾಯಿಂದ ನೈಟ್ರೋಜನ್ ಹೊರಗ ಹರೀಲಿಕತ್ತಿರ್ತದ. ವಾಸನಿ ಇಲ್ಲ, ಉಸಿರು ಕಟ್ಟಿದಂಗ ಅನಸೂದೂ ಇಲ್ಲ. ಎರಡು ಉಸಿರಿಗೆ ಪ್ರಜ್ಞೆ ಹೋಗ್ತದ.

2005ರ ನವೆಂಬರ್ 5ಕ್ಕ ಅಮೆರಿಕದ ಡೆಲಾವೇರ್ ಸಿಟಿ ರಿಫೈನರಿಯಾಗ ಆದದ್ದು ಇದs. ನೈಟ್ರೋಜನ್ ಹರೀತಿದ್ದ ರಿಯಾಕ್ಟರ್ ಒಳಗ ಒಂದು ಟೇಪಿನ ಸುರುಳಿ ಉಳಿದಿತ್ತು. ಅದನ್ನ ಮ್ಯಾನ್‌ವೇದಿಂದ ತಂತಿ ಕೊಕ್ಕಿ ಹಾಕಿ ಎತ್ತಲಿಕ್ಕ ಹೋದ ಗುತ್ತಿಗಿ ಕೆಲಸಗಾರ ಒಳಗ ಬಿದ್ದ, ಅವನ್ನ ಉಳಿಸಲಿಕ್ಕ ಇಳಿದವನೂ ಸತ್ತ. ಅಲ್ಲಿನ ಕೆಮಿಕಲ್ ಸೇಫ್ಟಿ ಬೋರ್ಡ್ 1992ರಿಂದ 2002ರ ನಡುವಿನ 85 ನೈಟ್ರೋಜನ್ ಅಪಘಾತ ಲೆಕ್ಕ ಹಾಕಿತ್ತು, ಸತ್ತವರು 80 ಮಂದಿ.

ಹಂಗಾಗಿ ಬಾಯಿ ಸುತ್ತ ಗಟ್ಟಿ ಕಟಾಂಜನ, ಕನ್ನಡದಾಗ "ಒಳಗ ನೈಟ್ರೋಜನ್, ಉಸಿರಾಡಿದ್ರ ಸಾವು" ಅಂತ ಬೋರ್ಡ್. ಕಟಾಂಜನದ ಒಳಗ ಕಾಲಿಡೋನು ಏರ್‌ಲೈನ್ ಮಾಸ್ಕ್ ಹಾಕಿರಬೇಕು. ಕೆಲಸ ಇಲ್ಲದಾಗ ಬಾಯಿಗೆ ಕವರ್. ಟಾರ್ಪಾಲಿನ್ ಡೇರೆ ಕಟ್ಟಿ ನೆರಳು ಮಾಡಬ್ಯಾಡ್ರಿ, ಮೇ ತಿಂಗಳ ಬಿಸಿಲಿಗೆ ಮನಸ್ಸು ಆಗ್ತದ ಖರೆ, ಆದ್ರ ಡೇರೆ ಒಳಗ ನೈಟ್ರೋಜನ್ ತುಂಬ್ತದ. ಹೋಲ್‌ವಾಚ್ ಮನಷ್ಯಾ ಸಾಮಾನು ತರಲಿಕ್ಕ ಇಳಿದು ಹೋಗಂಗಿಲ್ಲ, ಯಾರರೇ ಬಿದ್ರ ಒಳಗ ಇಳಿಯಂಗಿಲ್ಲ. ಅವನ ಕೆಲಸ ಕೂಗೋದು, ಅಲಾರ್ಮ್ ಒತ್ತೋದು, ಟ್ರೈಪಾಡ್ ವಿಂಚ್ ತಿರಗಸೋದು. ಒಳಗಿನ ಆಕ್ಸಿಜನ್ ಶೇ. 5 ದಾಟಿದ್ರ, ತಾಪ 40 ಡಿಗ್ರಿ ಮುಟ್ಟಿದ್ರ ಮಂದಿನ ಹೊರಗ ಕರೀರಿ. ಪರ್ಮಿಟ್ ಓಐಎಸ್‌ಡಿ-105 (ತೈಲ ಉದ್ಯಮದ ವರ್ಕ್ ಪರ್ಮಿಟ್ ಮಾನದಂಡ) ಪ್ರಕಾರ ಪ್ರತಿ ಪಾಳಿಗೆ ನವೀಕರಣ ಆಗ್ಲಿ.

ಜಮಖಂಡಿ ಫಿಟ್ಟರ್

ಭಾಳ ಉಪಕಾರ ಆತ್ರಿ. ಚಿಮಣಿ ಮಾತು ನಮ್ಮ ಹುಡುಗ್ರಿಗೆ ಹಾಂಗs ಓದಿ ಹೇಳ್ತೀನಿ. ಇನ್ನೊಂದು ಕೇಳೋದೈತಿ. ನಮ್ಮ ಕಡೆ ಡಿಸ್ಟಿಲರಿಗೆ ತಗೊಂಡ ನಾಲ್ಕು-ಗ್ಯಾಸ್ ಮೀಟರ್ ಐತಿ, ಕ್ಯಾಲಿಬ್ರೇಶನ್ ಹೊಸದು. ಅದನ್ನ ಹಗ್ಗ ಕಟ್ಟಿ ರಿಯಾಕ್ಟರ್ ಒಳಗ ಬಿಟ್ಟು ಎಲ್‌ಇಎಲ್ ನೋಡಬಹುದಾ?

ಬೆಳಗಾವಿ ಪ್ರೊಸೆಸ್

ಆಗದು, ಮತ್ತು ಇದು ಚಿಕ್ಕ ತಪ್ಪಲ್ಲ. ಆ ಮೀಟರಿನ ಎಲ್‌ಇಎಲ್ ಸೆನ್ಸರ್ ಬಹುಮಟ್ಟಿಗೆ ಕ್ಯಾಟಲಿಟಿಕ್ ಮಣಿಯದು. ಗ್ಯಾಸನ್ನು ಮಣಿಯ ಮೇಲೆ ಸುಟ್ಟು ಅದರ ಬಿಸಿ ಅಳೆಯುತ್ತದೆ. ಸುಡಲು ಆಕ್ಸಿಜನ್ ಬೇಕು, ಶೇ. 10ಕ್ಕಿಂತ ಕಡಿಮೆಯಾದರೆ ರೀಡಿಂಗ್ ನಂಬುವಂತಿಲ್ಲ. ನೈಟ್ರೋಜನ್‌ನಲ್ಲಿ ಅರ್ಧದಷ್ಟು ಹೈಡ್ರೋಜನ್ ಇದ್ದರೂ ಪರದೆಯ ಮೇಲೆ ಸೊನ್ನೆ ಬರುತ್ತದೆ. ಇನ್‌ಫ್ರಾರೆಡ್ ಮೀಟರಿಗೆ ಆಕ್ಸಿಜನ್ ಬೇಡ, ಆದರೆ ಅದಕ್ಕೆ ಹೈಡ್ರೋಜನ್ ಕಾಣುವುದೇ ಇಲ್ಲ. ಗಾಳಿ ಬೆರೆಸುವ ಡೈಲ್ಯೂಶನ್ ಪಂಪ್ ಇರುವ ಮೀಟರು, ಇಲ್ಲವೇ ಸ್ಯಾಂಪಲ್ ಬ್ಲ್ಯಾಡರಿನಲ್ಲಿ ತೆಗೆದು ಲ್ಯಾಬಿನ ಗ್ಯಾಸ್ ಕ್ರೊಮ್ಯಾಟೋಗ್ರಾಫ್. ನಿಮ್ಮ ನಾಲ್ಕು-ಗ್ಯಾಸ್ ಮೀಟರ್ ಮಾತ್ರ ಹೋಲ್‌ವಾಚ್‌ನ ಎದೆಗೆ ಸಿಕ್ಕಿಸಿ. ಅಲ್ಲಿ ಆಕ್ಸಿಜನ್ 19.5ಕ್ಕೆ ಕೂಗಿದರೆ ಅದರ ಬೆಲೆ ತೀರಿತು.

ಇದೇ ಕಾರಣಕ್ಕೆ ನಿಮ್ಮ ಡಿಸ್ಟಿಲರಿ ಪದ್ಧತಿಗೂ ನನ್ನ ತಕರಾರಿದೆ. ಸೀವ್ ಕಾಳುಗಳ ಸಂದಿಯಲ್ಲಿ ಆಲ್ಕೋಹಾಲ್ ಆವಿ ಉಳಿದಿರುತ್ತದೆ, ಅದರ ಎಲ್‌ಇಎಲ್ ಶೇ. 3.3. ಒಣ ಸೀವ್ ಮೇಲೆ ತೇವದ ಗಾಳಿ ಹಾಯಿಸಿದರೆ ನೀರು ಹೀರುತ್ತಾ ಬಿಸಿಯಾಗಿ ಆ ಆವಿಯನ್ನು ಮೇಲೆಬ್ಬಿಸುತ್ತದೆ. ಅಲ್ಲಿಯೂ ಮೊದಲು ನೈಟ್ರೋಜನ್, ಸೀವ್ ಹೊರಬಂದ ಮೇಲೆ ಬ್ಲೋವರ್.

ಬಾಗಲಕೋಟೆ ಕ್ಯಾಟಲಿಸ್ಟ್

ಕೊನೀದು ಎರಡು. ಖಾಲಿ ಆದ ಮ್ಯಾಲ ಗಾಳಿ ಬಿಡೋ ಆತುರ ಬ್ಯಾಡ. ಒಳಗಿನ ಟ್ರೇ, ಲೈನಿಂಗ್ ಎಲ್ಲಾ ಸ್ಟೇನ್‌ಲೆಸ್. ಸಲ್ಫೈಡ್ ಪೊರಿಗೆ ಗಾಳಿ, ತೇವ ಎರಡೂ ತಾಗಿದ್ರ ಪಾಲಿಥಯಾನಿಕ್ ಆ್ಯಸಿಡ್ ಆಗಿ ವೆಲ್ಡ್ ಬಾಜೂಕ ಕೂದಲೆಳಿ ಬಿರುಕು ಬಿಡ್ತೈತಿ. ಒಣಾ ನೈಟ್ರೋಜನ್‌ದಾಗs ಇಡಬೇಕು, ಇಲ್ಲಾಂದ್ರ ಕ್ಲೋರೈಡ್ ಕಡಿಮಿ ಇದ್ದ ನೀರಿನಾಗ ಶೇ. 2 ಸೋಡಾ ಆ್ಯಶ್ ಕಲಸಿ ಎಲ್ಲಾ ಮೈಗೆ ತಾಗುವಂಗ ಎರಡು ತಾಸು ಇಟ್ಟು ಬಿಡಬೇಕು. ತೊಳೆದ ಮ್ಯಾಲ ಸಾದಾ ನೀರಿಲೆ ಮತ್ತ ಜಾಲಾಡಿಸಬ್ಯಾಡ್ರಿ, ಆ ಬಿಳಿ ಪೊರೆ ಅಲ್ಲೇ ಒಣಗಿ ಉಳೀಬೇಕು. ನಿಮ್ಮ ಬೋರ್‌ವೆಲ್ ನೀರು ನಡಿಯಂಗಿಲ್ಲ, ಡಿಎಂ ನೀರ (ಲವಣ ತಗದ ನೀರು) ಕೇಳ್ರಿ.

ಡ್ರಮ್ ಲೆಕ್ಕ ದಿನಾ ಬರೀರಿ: ನಂಬರ್, ತೂಕ, ಯಾವ ಬೆಡ್, ತುಂಬಿದ ತಾಸು. 2016ರ ಹಜಾರ್ಡಸ್ ವೇಸ್ಟ್ ನಿಯಮದಾಗ ಇದು ಅಪಾಯಕಾರಿ ತ್ಯಾಜ್ಯ. ಗಾಡಿ ಜೋಡಿ ಫಾರ್ಮ್ 10 ಮ್ಯಾನಿಫೆಸ್ಟ್ (ತ್ಯಾಜ್ಯ ಸಾಗಣೆ ಚೀಟಿ) ಹೋಗಬೇಕು, ಅದ್ರಾಗಿನ ತೂಕ ನಿಮ್ಮ ವಹಿಗೆ ತಾಳೆ ಆಗಬೇಕು. ಮ್ಯಾಲಿನ ಬೆಡ್ಡಿನ ಮೊದಲ ಹದಿನೈದಿಪ್ಪತ್ತು ಡ್ರಮ್ಮಿಗೆ ಕೆಂಪು ಬಣ್ಣದ ಗುರುತು ಹಾಕ್ರಿ. ಐರನ್ ಸಲ್ಫೈಡ್ ಹೆಚ್ಚು ಇರೋದು ಅವ್ರಾಗ, ರಾತ್ರಿ ಪಾಳಿಯವ ಥರ್ಮಲ್ ಗನ್ ಹಿಡಕೊಂಡು ಮೊದಲು ಅಲ್ಲೇ ಹೋಗ್ಲಿ.